ಗೊತ್ತಿರುವ ಊರಿಗೊಬ್ಬ ಗೈಡ್

ಗೈಡ್ ಬೇಕಾಗುವುದು ಗೊತ್ತಿಲ್ಲದ ಊರಿನಲ್ಲಿ, ಅದೂ ಭಾಷೆ ಬಾರದವರಿಗೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೇಲೂರಿನ ಬಾಗಿಲಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡವನು ‘ಕನ್ನಡದಲ್ಲೇ ಹೇಳ್ತೀನಿ ಸಾರ್’ ಎಂದರೆ, ‘ನಾವೂ ಕನ್ನಡದವ್ರೇ ಬಿಡಪ್ಪ, ನೋಡ್ಕೊಂತೀವಿ’ ಎಂದು ಮುಂದೆ ಸಾಗುವ ದಾವಣಗೆರೆ ಕುಟುಂಬಗಳನ್ನು ಕಂಡಿದ್ದೇನೆ. ನೋಡಿಕೊಳ್ಳುವುದು ಎಂದರೆ ಶಿಲಾಬಾಲಿಕೆಯ ಕೆಳಗೆ ನಿಂತು ಒಂದು ಫೋಟೊ, ‘ಎಷ್ಟು ನಾಜೂಕು ನೋಡು’ ಎಂಬ ಒಂದು ಉದ್ಗಾರ, ಆಮೇಲೆ ಊಟಕ್ಕೆ ಒಳ್ಳೆಯ ಹೋಟೆಲ್ ಯಾವುದೆಂಬ ವಿಚಾರಣೆ. ಅದೇ ಕುಟುಂಬ ದುಬೈಗೋ ಸಿಂಗಪುರಕ್ಕೋ ಹೋದಾಗ, ಅರ್ಧಂಬರ್ಧ ತಿಳಿಯುವ ಇಂಗ್ಲಿಷಿನಲ್ಲಿ ಗೈಡ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ, ಕೇಳಿದಷ್ಟು ಹಣವನ್ನೂ ಕೊಡುತ್ತದೆ.

ನನ್ನ ವಾದ ಇದಕ್ಕೆ ತಿರುಗುಮುರುಗು. ಗೈಡ್‌ನ ಜರೂರು ಹೆಚ್ಚಾಗಿರುವುದು ನಮ್ಮದೇ ಊರಿನಲ್ಲಿ, ನಮ್ಮದೇ ಭಾಷೆಯಲ್ಲಿ. ಸಲೀಸಾಗಿ ಅರ್ಥವಾಗುತ್ತದೆ ಎಂಬುದು ಅದರ ಸಣ್ಣ ಲಾಭ. ಕೇಳುವವನು ತಕರಾರು ತೆಗೆಯಬಲ್ಲ ಎಂಬುದು ದೊಡ್ಡ ಲಾಭ. ಪರಭಾಷೆಯಲ್ಲಿ ಕೇಳುವವನು ಬಹುಪಾಲು ವಿಧೇಯ ವಿದ್ಯಾರ್ಥಿ. ಪ್ರಶ್ನೆಯೊಂದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ಗುಂಪು ಮುಂದಿನ ಕಂಬಕ್ಕೆ ಹೋಗಿರುತ್ತದೆ. ತನ್ನ ಭಾಷೆಯಲ್ಲಾದರೆ ಮಾತಿನ ನಡುವೆಯೇ ಬಾಯಿ ಹಾಕುತ್ತಾನೆ.

ಈ ವೃತ್ತಿಯ ವ್ಯಾಖ್ಯಾನವೂ ಭಾಷೆಯಿಂದಲೇ ಶುರುವಾಗುತ್ತದೆ. 2003ರ ಐರೋಪ್ಯ ಮಾನದಂಡದ ಪ್ರಕಾರ, ಬಂದವರು ಆಯ್ದುಕೊಂಡ ಭಾಷೆಯಲ್ಲಿ ಅವರನ್ನು ಕರೆದುಕೊಂಡು ಹೋಗಿ ಆ ಪ್ರದೇಶದ ಸಂಸ್ಕೃತಿಯನ್ನೂ ನಿಸರ್ಗವನ್ನೂ ಬಿಡಿಸಿ ಹೇಳುವವರೇ ಪ್ರವಾಸಿ ಮಾರ್ಗದರ್ಶಿ. ಗೈಡ್‌ಗಳ ವಿಶ್ವ ಒಕ್ಕೂಟ ಹೇಳುವುದೂ ಇದನ್ನೇ. ಒಕ್ಕೂಟದವರು ಗೈಡ್ ದಿನವೆಂದು ಆಚರಿಸುವುದು ಫೆಬ್ರುವರಿ 21ರಂದು. ಯುನೆಸ್ಕೊದ ಮಾತೃಭಾಷಾ ದಿನವೂ ಅಂದೇ ಬೀಳುತ್ತದೆ. ಯಾರೂ ಗೊತ್ತುಮಾಡಿಕೊಂಡು ಇಟ್ಟದ್ದಲ್ಲ, ಆದರೂ ಚೆನ್ನಾಗಿ ಕೂಡಿಬಂದಿದೆ. ನಮ್ಮ ಕಡೆ ಮಾತ್ರ ಗೈಡ್ ಕಸುಬು ಬೆಳೆದದ್ದು ಹೊರಗಿನವರ ಜೇಬು ನೋಡಿ. ಫ್ರೆಂಚ್, ಜರ್ಮನ್ ಬಲ್ಲವನಿಗೆ ಹಂಪಿಯಲ್ಲಿ ಬೆಲೆ. ಕನ್ನಡ ಎಲ್ಲರಿಗೂ ಬರುತ್ತದಲ್ಲ, ಅದಕ್ಕೇನು ಬೆಲೆ?

ನನ್ನ ವಾದವನ್ನು ಪರೀಕ್ಷಿಸಲು ಹರಿಹರಕ್ಕಿಂತ ತಕ್ಕ ಊರಿಲ್ಲ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್. ದಾವಣಗೆರೆಯ ನಮ್ಮ ವಿದ್ಯಾನಗರ ಬಡಾವಣೆಯಲ್ಲಿ ಮಕ್ಕಳು ಬೆಂಗಳೂರೋ ಪುಣೆಯೋ ಅಮೆರಿಕವೋ ಸೇರಿದ ಮನೆಗಳು ಬಹಳ. ಅವರು ರಜೆಗೆ ಬಂದಾಗ ಒಂದು ಸಿದ್ಧ ಸುತ್ತು ಇರುತ್ತದೆ: ಬೆಳಿಗ್ಗೆ ಬೆಣ್ಣೆ ದೋಸೆ, ಆಮೇಲೆ ಹರಿಹರೇಶ್ವರನ ದರ್ಶನ, ಸಂಜೆ ಕುಂದವಾಡದ ಗಾಜಿನಮನೆ, ಕೊನೆಗೆ ಖಾರ ಮಂಡಕ್ಕಿ, ಮಿರ್ಚಿ. ಕಾರು ನಡೆಸುವ ಮಾವನೇ ಗೈಡು. ‘ಹೊಯ್ಸಳರ ಕಾಲದ್ದಿದು, ಭಾರೀ ಹಳೇದು’ ಎಂಬಲ್ಲಿಗೆ ಆತನ ಇತಿಹಾಸ ಮುಗಿಯುತ್ತದೆ. ದೇವಸ್ಥಾನದ ಬಾಗಿಲಲ್ಲಿ ಬಿಲ್ಲೆ ಹಾಕಿಕೊಂಡ ಗೈಡ್ ನನಗಂತೂ ಈವರೆಗೆ ಎದುರಾಗಿಲ್ಲ.

ಆ ದೇವಸ್ಥಾನದಲ್ಲಿ ಹೇಳುವುದಕ್ಕೆ ಎಷ್ಟಿದೆ! ಹೊಯ್ಸಳ ದೊರೆ ವೀರ ನರಸಿಂಹನ ದಂಡನಾಯಕ ಪೋಲಾಳ್ವ ಅದನ್ನು ಕಟ್ಟಿಸಿದ್ದು 1223-24ರಲ್ಲಿ. 1268ರಲ್ಲಿ ಅದಕ್ಕೆ ಇನ್ನಷ್ಟು ಸೇರಿಸಿದವನು ಮೂರನೇ ನರಸಿಂಹನ ದಂಡನಾಯಕ ಸೋಮನಾಥ. ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದ ಸೋಮನಾಥನೇ ಇವನು. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಸೋಮನಾಥಪುರವೂ ವಿಶ್ವ ಪರಂಪರೆಯ ಪಟ್ಟಿ ಸೇರಿತು ಎಂದು ಪತ್ರಿಕೆಗಳಲ್ಲಿ ಓದಿ ಸಂಭ್ರಮಿಸಿದ ನಮ್ಮೂರಿನವರಲ್ಲಿ, ಅದೇ ಮನುಷ್ಯನ ಕೈ ಪಕ್ಕದ ಹರಿಹರದಲ್ಲೂ ಆಡಿದೆ ಎಂದು ಬಲ್ಲವರು ಎಷ್ಟು ಮಂದಿ?

‘ಪೂಜಾರಿಯವರು ಬಿಟ್ಟಿ ಹೇಳ್ತಾರಲ್ಲ, ಗೈಡ್ ಯಾಕೆ’ ಎಂಬ ಆಕ್ಷೇಪವಿದೆ. ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಗುಹಾಸುರನೆಂಬ ರಾಕ್ಷಸ ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದ. ಆಗ ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಈ ಕಥೆಯನ್ನು ಗೈಡ್ ಕೂಡ ಬಿಡುವಂತಿಲ್ಲ. ಇಂಗ್ಲಿಷಿನಲ್ಲಾದರೆ ‘ಮಿಥಾಲಜಿ’ ಎಂಬ ಒಂದು ಶಬ್ದ ಎಸೆದು ಶಾಸನದ ಕಡೆಗೆ ಹೊರಳಬಹುದು, ಕೇಳುವವರೂ ಸುಮ್ಮನಿರುತ್ತಾರೆ. ಕನ್ನಡದಲ್ಲಿ ಅಷ್ಟು ಸುಲಭವಾಗಿ ಪಾರಾಗಲು ಆಗದು. ಗುಂಪಿನಲ್ಲಿರುವ ಯಾರದೋ ಅಜ್ಜಿ ‘ಹಂಗಾದ್ರೆ ಪುರಾಣ ಸುಳ್ಳೇನಪಾ?’ ಎಂದು ಕೇಳಿಯೇ ಕೇಳುತ್ತಾಳೆ. ಪೋಲಾಳ್ವನ ಇಸವಿಯನ್ನೂ ಗುಹಾಸುರನನ್ನೂ ಒಂದೇ ಉಸಿರಿನಲ್ಲಿ ಇಟ್ಟವನು ಈಗ ನಿಂತು ಉತ್ತರಿಸಬೇಕು. ಶೈವರೂ ವೈಷ್ಣವರೂ ಬೇರೆಬೇರೆಯಾಗಿ ಎಳೆದಾಡುತ್ತಿದ್ದ ನಾಡಿನಲ್ಲಿ ಒಬ್ಬ ದಂಡನಾಯಕ ಇಬ್ಬರನ್ನೂ ಒಂದೇ ಕಲ್ಲಿನಲ್ಲಿ ಕೂಡಿಸಿದ ದೇವರಿಗೆ ಇಷ್ಟು ದೊಡ್ಡ ಗುಡಿ ಯಾಕೆ ಕಟ್ಟಿಸಿದ? ಭಕ್ತಿಯೋ, ರಾಜಕೀಯ ಜಾಣತನವೋ, ಎರಡೂ ಕೂಡಿಯೋ? ಈ ಪ್ರಶ್ನೆಯವರೆಗೆ ಗೈಡನ್ನು ತಳ್ಳಿಕೊಂಡು ಬಂದದ್ದು ಆ ಅಜ್ಜಿ, ಮತ್ತು ಆಕೆಗೆ ಬರುವ ಒಂದೇ ಭಾಷೆ.

ಇನ್ನು ಕಂಬಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಹೊಯ್ಸಳರ ಅಷ್ಟೂ ಕುಸುರಿಯ ಗುಟ್ಟು ಅಲ್ಲಿದೆ. ಹರಿಹರದ ಮಂಟಪದ ಸುತ್ತಿನ ಗೋಡೆಯ ಮೇಲೆ ನಿಂತಿರುವ ಗಿಡ್ಡ ಕಂಬಗಳು ಕಲ್ಲನ್ನು ತಿರುಗಿಸುತ್ತ ಕಡೆದು ಮಾಡಿದವು. ಈಗ ಊರಿನ ಇನ್ನೊಂದು ಮಗ್ಗುಲಿಗೆ ಬನ್ನಿ. 1941ರಲ್ಲಿ ಇದೇ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅದು ತಯಾರಿಸುತ್ತಿದ್ದ ಮುಖ್ಯ ಯಂತ್ರ ಲೇತ್, ಹೀಗೆಯೇ ತಿರುಗಿಸುತ್ತ ಕಡೆಯುವ ಯಂತ್ರ. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಹರಿಹರದ ಲೇತುಗಳು ತಿರುಗಿದವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಮುಚ್ಚಿತು, ಕಾರ್ಮಿಕರು ಚದುರಿದರು, ಕೆಲವರು ಊರಲ್ಲೇ ಉಳಿದರು.

ಆ ಕಂಬಗಳ ಮುಂದೆ ನಿಲ್ಲಿಸಬೇಕಾದ ಗೈಡ್ ಯಾರು? ಇತಿಹಾಸದ ಪದವೀಧರನೇ ಆಗಬೇಕೆಂದಿಲ್ಲ. ಮೂವತ್ತು ವರ್ಷ ಟರ್ನರ್ ಆಗಿ ದುಡಿದು ನಿವೃತ್ತನಾದವನೊಬ್ಬ ಅಲ್ಲಿ ನಿಂತರೆ, ಬಳೆಗಳಂಥ ಆ ಸುತ್ತುಗೆರೆಗಳ ಮೇಲೆ ಬೆರಳಾಡಿಸಿ, ಉಳಿ ಎಲ್ಲಿ ಒಳಹೋಗಿದೆ, ಎಲ್ಲಿ ಕೈ ತಡೆದಿದೆ ಎಂದು ತೋರಿಸಿಯಾನು. ಕಲ್ಲನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿಯೋ, ಅಷ್ಟು ಭಾರವನ್ನು ನಡುಗಿಸದೆ ತಿರುಗಿಸುವುದು ಹೇಗೆ ಎಂದು ಅವನೇ ನಮಗೆ ಪ್ರಶ್ನೆ ಹಾಕಿಯಾನು. ಅಂಥವನಿಗೆ ಆಡಂಬರದ ಇಂಗ್ಲಿಷ್ ಬೇಕಿಲ್ಲ. ಷಾಪಿನ ಮಾತು, ಅಂದರೆ ಚಕ್, ಟೂಲ್, ಕಟ್ ಎಂಬ ಅವೇ ಶಬ್ದಗಳಿರುವ ಕನ್ನಡ ಸಾಕು. ಪರಭಾಷೆಯ ಪ್ರವಾಸಿಗರಿಗಾಗಿಯೇ ಗೈಡ್‌ಗಳನ್ನು ತಯಾರು ಮಾಡುವ ಪದ್ಧತಿಯಲ್ಲಿ ಮೊದಲು ಹೊರಗುಳಿಯುವವನು ಇವನೇ. ನಾವು ಕಳೆದುಕೊಳ್ಳುವುದು ಒಬ್ಬ ಮಾತುಗಾರನನ್ನಲ್ಲ, ಕಲ್ಲು ನೋಡುವ ಒಂದು ಬಗೆಯನ್ನೇ.

ಸ್ವಂತ ಭಾಷೆ ಎಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮವರೇ ನಮ್ಮವರಿಗೆ ಊರು ತೋರಿಸುವಾಗ ಹೊಗಳಿಕೆ ಬಹಳ ಬೇಗ ನುಗ್ಗುತ್ತದೆ. ಚನ್ನಗಿರಿ ಕಡೆಯ ಸೂಳೆಕೆರೆಗೆ ಕರೆದೊಯ್ದವನು ‘ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ’ ಎನ್ನದೆ ಕೆರೆ ಏರಿ ಹತ್ತುವುದಿಲ್ಲ. ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎನ್ನುವುದೂ ಇದೇ ಜಾತಿಯ ಮಾತು. ಆದರೆ ಇಲ್ಲಿಯೂ ಭಾಷೆಯೇ ಮದ್ದು. ಹೊರಗಿನವನಿಗೆ ಮ್ಯಾಂಚೆಸ್ಟರ್ ಎಂದರೆ ನಂಬಿ ಬರೆದುಕೊಳ್ಳುತ್ತಾನೆ. ಅಪ್ಪ ಮಿಲ್ಲಿನಲ್ಲಿ ದುಡಿದ ಮನೆಯವನ ಮುಂದೆ ಹಾಗೆಂದರೆ, ‘ಮಿಲ್ಲು ಮುಚ್ಚಿದಾಗ ಎಷ್ಟು ಜನಕ್ಕೆ ಬಾಕಿ ಸಿಕ್ತು, ಅದನ್ನೂ ಹೇಳ್ರಿ’ ಎಂಬ ಮಾತು ಬರುತ್ತದೆ. ಆಗ ಕಾಟನ್ ಮಿಲ್ಲಿನ ಜೊತೆ ಕಾರ್ಮಿಕ ಸಂಘಟನೆಯ ಕಥೆಯೂ ಬರಬೇಕು. 1978, 1983, 1985ರಲ್ಲಿ ಈ ಊರು ಸಿಪಿಐನ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ್ದು ಯಾಕೆ ಎಂಬುದೂ ಬರಬೇಕು. ಕಾಲೇಜುಗಳ ಊರು ಎಂದಷ್ಟೇ ದಾವಣಗೆರೆಯನ್ನು ಬಲ್ಲ ವಿದ್ಯಾನಗರದ ಹುಡುಗರಿಗೆ ಇದು ಬೇರೆ ದೇಶದ ಸಂಗತಿಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಹೈದರಾಲಿ ಈ ಜಾಗವನ್ನು ಅಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟದ್ದು, ಆತ ವ್ಯಾಪಾರಿಗಳಿಗೆ ನೆಲೆ ಕೊಟ್ಟು ಪೇಟೆ ಬೆಳೆಸಿದ್ದು ಇದೆ. ಮಂಡಿಪೇಟೆಯಲ್ಲಿ ದಿನವೂ ಓಡಾಡುವ ನಮಗೆ ಅವನ ಹೆಸರೇ ಗೊತ್ತಿಲ್ಲ. ಗೊತ್ತಿರುವ ಊರು ಎಂದು ನಾವು ಹೇಳಿಕೊಳ್ಳುವುದು ಬಹಳ ಮಟ್ಟಿಗೆ ದಾರಿ ಗೊತ್ತಿರುವ ಊರು.

ಯಾರ ಸ್ವಂತ ಭಾಷೆ ಎಂಬ ಪ್ರಶ್ನೆಯನ್ನೂ ತೇಲಿಸಿಬಿಡಬಾರದು. ಮಂಡಕ್ಕಿ ಭಟ್ಟಿಗಳ ಕಡೆ ಹೋದರೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಆ ಹೊಗೆಯಲ್ಲಿ, ಕೇಳುವುದು ಹೆಚ್ಚಾಗಿ ಉರ್ದು. ಆ ಕಸುಬನ್ನು ಕನ್ನಡದಲ್ಲಿ ವಿವರಿಸುವವನು ಅಲ್ಲಿ ಸ್ವತಃ ಹೊರಗಿನವನು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಇನ್ನೂ ಒಳ್ಳೆಯ ಪಾಠ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಊರೆಂದು ಫೆಬ್ರುವರಿಯ ಜಯಂತಿಗೆ ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದ ಬಂಜಾರರು ಅಲ್ಲಿಗೆ ಬರುತ್ತಾರೆ. ಒಬ್ಬರ ರಾಜ್ಯಭಾಷೆ ಇನ್ನೊಬ್ಬರಿಗೆ ಬಾರದು. ಆದರೆ ಗೋರ್ ಬೋಲಿ ಎಲ್ಲರ ಮನೆಮಾತು, ಅದರಲ್ಲೇ ಕಥೆ ಹೇಳುತ್ತಾರೆ, ಅದರಲ್ಲೇ ಹಾಡುತ್ತಾರೆ, ಅದರಲ್ಲೇ ವಾದಿಸುತ್ತಾರೆ. ದಾವಣಗೆರೆ ಜಿಲ್ಲೆಯಲ್ಲಿ ದೂರದ ಪ್ರವಾಸಿಗೆ ತನ್ನ ಭಾಷೆಯಲ್ಲೇ ಊರು ದೊರಕುವುದು ಪ್ರವಾಸೋದ್ಯಮ ಇಲಾಖೆಯ ಯಾವ ತರಬೇತಿಯೂ ಇಲ್ಲದ ಒಂದು ಕೊಪ್ಪದಲ್ಲಿ. ಅದನ್ನು ನೋಡಿದ ಮೇಲೆ ‘ಪ್ರಾದೇಶಿಕ ಭಾಷೆಯಲ್ಲಿ ಗೈಡ್ ಕೊಟ್ಟರೆ ಯಾರು ಬರ್ತಾರೆ’ ಎಂಬ ವಾದ ನನಗೆ ಹಿಡಿಸುವುದಿಲ್ಲ.

ಹಣದ ಮಾತು ಕೊನೆಗೂ ಬಂದೇ ಬರುತ್ತದೆ. ‘ಬರೀ ಮಾತಿಗೆ ದುಡ್ಡಾ?’ ಮದುವೆ ಊಟದ ಮೂರನೇ ಸಿಹಿಗೆ ಲೆಕ್ಕವಿಡದ ನಮ್ಮ ಬಡಾವಣೆಯವರು ಎರಡು ಗಂಟೆಯ ವಿವರಣೆಗೆ ಚೌಕಾಸಿ ಮಾಡುತ್ತಾರೆ. ಹಿಂದೆ ಹೀಗಿರಲಿಲ್ಲ. ಹೆಳವರು ಎತ್ತಿನ ಮೇಲೆ ಬಂದು ಅಂಗಳದಲ್ಲಿ ಕೂತು ಆ ಮನೆತನದ ತಲೆಮಾರುಗಳನ್ನು ಹೇಳುತ್ತಿದ್ದರು, ಮನೆಯವರು ಕಾಳುಕಡಿ, ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ನಮ್ಮದೇ ವಂಶದ ಕಥೆಯನ್ನು ನಮ್ಮದೇ ಭಾಷೆಯಲ್ಲಿ ಬೇರೊಬ್ಬನ ಬಾಯಿಂದ ಕೇಳಿ ದಕ್ಷಿಣೆ ಕೊಡುವುದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ಹೆಳವ ತಪ್ಪಿದರೆ ‘ಅಲ್ಲ, ಅವನು ನಮ್ಮ ದೊಡ್ಡಪ್ಪನ ಕಡೆಯವನು’ ಎಂದು ತಿದ್ದುವ ಹಿರಿಯರೂ ಅಲ್ಲೇ ಕೂತಿರುತ್ತಿದ್ದರು. ದುಡ್ಡು ಕೊಟ್ಟವನಿಗೆ ತಿದ್ದುವ ಅಧಿಕಾರ ಬರುತ್ತದೆ, ಬಿಟ್ಟಿ ಕೇಳಿದವನು ಕೈಮುಗಿದು ಎದ್ದುಬರಬೇಕು. ನಾಲ್ಕೈದು ಮಂದಿಗೆಂದೇ ಗೊತ್ತುಮಾಡಿಕೊಂಡ ಗೈಡ್ ದುಬಾರಿ ನಿಜ, ಆದರೆ ನಲವತ್ತು ಜನರ ಬಸ್ಸಿನಲ್ಲಿ ಮೈಕ್ ಹಿಡಿದವನನ್ನು ಅಡ್ಡಗಟ್ಟಿ ಕೇಳುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ಫೋನಿನಲ್ಲಿ ಕೇಳುವ ಧ್ವನಿಮುದ್ರಿಕೆ ಅಗ್ಗ, ಕನ್ನಡದಲ್ಲೂ ಮಾಡಬಹುದು. ಅಜ್ಜಿಯ ಪ್ರಶ್ನೆಗೆ ಅದು ಉತ್ತರಿಸದು.

ನನ್ನ ಕೈಗೆ ಬಿಟ್ಟರೆ ಹರಿಹರದ ಸುತ್ತನ್ನು ದೇವಸ್ಥಾನದಲ್ಲಿ ಮುಗಿಸದೆ ತುಂಗಭದ್ರೆಯ ಮೇಲಿನ 1868ರ ಕಮಾನು ಸೇತುವೆಯವರೆಗೆ ಒಯ್ಯುತ್ತೇನೆ. 1956ರವರೆಗೆ ಆ ಹೊಳೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಪ್ರಾಂತ. ಎರಡೂ ಕಡೆ ಆಡುತ್ತಿದ್ದುದು ಕನ್ನಡವೇ. ಈಗಲೂ ಆಚೆಗೆ ಹೋದರೆ ಜಿಲ್ಲೆ ಬದಲಾಗಿ ಹಾವೇರಿ ಆಗುತ್ತದೆ. ಅಲ್ಲಿ ಕುಮಾರಪಟ್ಟಣಂ, 1972ರ ಹರಿಹರ ಪಾಲಿಫೈಬರ್ಸ್. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರಿನದು. ಇಂಗ್ಲಿಷ್ ಸುತ್ತಿನಲ್ಲಿ ಆ ಕಾರ್ಖಾನೆಯನ್ನು ಯಾರೂ ಕೇಳುವುದಿಲ್ಲ, ಗೈಡೂ ಹೇಳುವುದಿಲ್ಲ. ಕನ್ನಡದ ಗುಂಪು ಕೇಳದೆ ಬಿಡುವುದಿಲ್ಲ. ಆಗ ಕಾರ್ಖಾನೆಯಿಂದ ಹೊಳೆಗೆ ಸೇರಿದ ಕೊಳಚೆಯ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ ಬರುತ್ತದೆ. ಕಾರ್ಖಾನೆಯ ಕಚ್ಚಾ ಮಾಲಿಗೆಂದು ಊರೊಟ್ಟಿನ ಜಮೀನಿನಲ್ಲಿ ನೆಟ್ಟ ನೀಲಗಿರಿಯನ್ನು ಕಿತ್ತು ಬೇರೆ ಗಿಡ ನೆಟ್ಟ 1987ರ ಕುಸನೂರಿನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಬರುತ್ತದೆ. ಅಷ್ಟರಲ್ಲಿ ಗುಂಪಿನಲ್ಲೇ ಒಬ್ಬರು ‘ನಮ್ಮಣ್ಣನ ಮನೆ ನಡೆದದ್ದು ಅದೇ ಕಾರ್ಖಾನೆ ಪಗಾರದಾಗ್ರೀ’ ಎನ್ನಬಹುದು. ಇನ್ನೊಬ್ಬರು ಸತ್ತು ತೇಲಿದ ಮೀನಿನ ಮಾತೆತ್ತಬಹುದು. ಗೈಡ್ ಇಬ್ಬರನ್ನೂ ಸಮಾಧಾನ ಮಾಡಲು ಹೋಗದೆ ಗೊತ್ತಿದ್ದಷ್ಟು ಇಸವಿ, ಹೆಸರು, ಕೋರ್ಟಿನ ಕಥೆ ಹೇಳಬೇಕು. ಅಷ್ಟರಲ್ಲಿ ನಿಗದಿಯಾದ ಎರಡು ಗಂಟೆ ತೀರಿದರೆ ಇನ್ನೊಂದು ಗಂಟೆಯ ಹಣ ಕೊಡಲು ನಾನು ತಯಾರು.