ಹಳೆಯ ಸ್ಕೂಟರಿಗೆ ಹೊಸ ಬಲ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ನಮ್ಮ ಹಿರಿಯರು ಹಣಕಾಸಿನ ವಿಷಯದಲ್ಲಿ ಹೇಳಿದರು. ಅದು ಎಂಜಿನ್ನಿಗೂ ಅಷ್ಟೇ ಸಲ್ಲುತ್ತದೆಂಬುದನ್ನು ನಾನು ಕಲಿತದ್ದು ಕೊಂಚ ದುಬಾರಿಯಾದ ಪಾಠಶಾಲೆಯಲ್ಲಿ. ಆ ಪಾಠವನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊಳಲೂರು, ಹೊನ್ನಾಳಿ, ಭದ್ರಾವತಿಗಳ ಕಡೆಯಿಂದ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ತಂದೆಯ ಅಥವಾ ಅಜ್ಜನ ಕಾಲದ ಸ್ಕೂಟರುಗಳನ್ನು ಏರಿ ಬರುತ್ತಾರೆ. ಅವುಗಳ ಸುತ್ತ ನಾಲ್ಕು ಜನ ಸೇರಿದರೆಂದರೆ ಮಾತು ಒಂದೇ: "ಇದಕ್ಕೆ ಕಿಟ್ ಹಾಕಿಸಿದರೆ ಎಷ್ಟು ಓಡೀತು?" ಪ್ರಶ್ನೆ ಸಹಜವಾದದ್ದೇ. ಆದರೆ "ಈ ಗಾಡಿ ಈಗ ತನ್ನ ಹುಟ್ಟುಬಲದಲ್ಲಿಯೇ ಓಡುತ್ತಿದೆಯೆ?" ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕು. ಹಳೆಯ ಸ್ಕೂಟರಿಗೆ ಹೊಸ ಬಲವನ್ನು ಕೊಡುವ ಮುನ್ನ ಅದರ ಹಳೆಯ ಆರೋಗ್ಯವನ್ನು ಮರಳಿಸಬೇಕು; ಹಾಗೆ ಮರಳಿಸಿದ ಮೇಲೆ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಕಿಟ್ಟಿನ ಅಗತ್ಯವೇ ತೋರದು ಎಂಬುದು ನನ್ನ ಅಭಿಪ್ರಾಯ.

ಈ ವಾಹನಗಳು ಹುಟ್ಟಿದ್ದೇಕೆಂಬುದನ್ನು ಮೊದಲು ನೋಡೋಣ. ಎರಡನೆಯ ಮಹಾಯುದ್ಧದಿಂದ ಜರ್ಜರಿತವಾದ ಇಟಲಿಯಲ್ಲಿ 1946ರಲ್ಲಿ ಪಿಯಾಜಿಯೊ ಸಂಸ್ಥೆಯ ವೆಸ್ಪಾ, ಮರುವರ್ಷ ಇನ್ನೊಚೆಂಟಿಯವರ ಲ್ಯಾಂಬ್ರೆಟಾ ಹೊರಬಂದವು. ಸಾಮಾನ್ಯ ಜನ ಕಡಿಮೆ ಖರ್ಚಿನಲ್ಲಿ, ಬಟ್ಟೆ ಕೊಳೆಯಾಗದಂತೆ ಕೆಲಸಕ್ಕೆ ಹೋಗಿಬರಲೆಂಬುದು ಅವುಗಳ ಧ್ಯೇಯ. ನಮ್ಮ ದೇಶದಲ್ಲಿಯೂ ಬಜಾಜ್, ಲಕ್ನೋದ ವಿಜಯ್ ಸೂಪರ್, ಕಾನ್ಪುರದ ಎಲ್.ಎಂ.ಎಲ್. ವೆಸ್ಪಾಗಳು ಅದೇ ಕೆಲಸವನ್ನು ಮಾಡಿದವು. 1972ರಲ್ಲಿ ಬಂದ ಚೇತಕ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ಕಥೆಯನ್ನು ಮನೆಯ ಹಿರಿಯರನ್ನು ಕೇಳಿದರೆ ಇಂದಿಗೂ ಹೇಳುತ್ತಾರೆ. ಗಂಡ, ಹೆಂಡತಿ, ಮುಂದೆ ನಿಂತ ಮಗು, ಕಾಲಿನ ಬಳಿ ಅಕ್ಕಿಯ ಚೀಲ, ಇಷ್ಟನ್ನೂ ಹೊತ್ತು ನಿಧಾನವಾಗಿ ಊರು ಸೇರುವುದಕ್ಕಾಗಿ ಮಾಡಿದ ಯಂತ್ರವಿದು. ಪಂದ್ಯದ ಕುದುರೆಯಲ್ಲ, ಗಾಡಿಯ ಎತ್ತು.

ಹಾಗಾದರೆ ಕಿಟ್ಟೆಂದರೇನು? ಎಲ್.ಎಂ.ಎಲ್. ವೆಸ್ಪಾದಂಥ ನೂರೈವತ್ತು ಸಿ.ಸಿ. ಎಂಜಿನ್ನಿನ ಸಿಲಿಂಡರಿನ ವ್ಯಾಸ 57.8 ಮಿಲಿಮೀಟರು, ಪಿಸ್ಟನ್ನಿನ ಓಟ 57 ಮಿಲಿಮೀಟರು. ಇಟಲಿಯ ಕಂಪನಿಗಳು ಮಾರುವ ಪ್ರಸಿದ್ಧವಾದ 177 ಸಿ.ಸಿ. ಕಿಟ್ಟಿನಲ್ಲಿ ವ್ಯಾಸ 63 ಮಿಲಿಮೀಟರು, ಓಟ ಹಳೆಯದೇ. ಲೆಕ್ಕ ಹಾಕಿದರೆ ಗಾತ್ರ ನೂರಕ್ಕೆ ಸುಮಾರು 19ರಷ್ಟು ಹೆಚ್ಚುತ್ತದೆ. ಕೇಳಲು ಸುಲಭ. ಆದರೆ ಹೆಚ್ಚು ಉರಿದರೆ ಹೆಚ್ಚು ಶಾಖ. ಆ ಶಾಖವನ್ನು ಹೊರಹಾಕಲು ಇರುವುದು ಹಳೆಯ ಫ್ಯಾನೇ. ಗಾಡಿಯನ್ನು ನಿಲ್ಲಿಸಲು ಇರುವುದೂ ಹಳೆಯ ಡ್ರಮ್ ಬ್ರೇಕೇ. ಕಿಟ್ಟಿನ ಪೆಟ್ಟಿಗೆಯಲ್ಲಿ ಬ್ರೇಕು ಬರುವುದಿಲ್ಲ!

ಈಗ ನನ್ನ ಕಥೆ. ಅಜ್ಜನ ಎಲ್.ಎಂ.ಎಲ್. ವೆಸ್ಪಾಕ್ಕೆ ನಾನು ಇಂಥದೇ ಕಿಟ್ಟೊಂದನ್ನು ತರಿಸಿ, ಮಿತ್ರನ ನೆರವಿನಿಂದ ಒಂದು ಭಾನುವಾರದಲ್ಲಿಯೇ ಜೋಡಿಸಿದೆ. ಕಾರ್ಬುರೇಟರಿನ ಮುಖ್ಯ ಜೆಟ್ಟನ್ನು ಬದಲಾಯಿಸಬೇಕೆಂದು ಓದಿದ್ದೆ. "ನಾಳೆ ನೋಡೋಣ" ಎಂದುಕೊಂಡೆ. ಮೂರನೆಯ ದಿನ, ಮಾರ್ಚ್ ತಿಂಗಳ ಮಧ್ಯಾಹ್ನ, ತಂಗಿಯನ್ನು ಹಿಂದೆ ಕೂರಿಸಿಕೊಂಡು ಶಿವಮೊಗ್ಗದಿಂದ ಹೊಳಲೂರಿಗೆ ಹೊರಟೆ. ರಸ್ತೆ ನೇರವಾಗಿತ್ತು, ಗಾಡಿ ಹಾರುತ್ತಿತ್ತು, ನನ್ನ ಬುದ್ಧಿಯೂ ಹಾರಿತ್ತು. ಊರು ಇನ್ನೇನು ಬಂದಿತೆನ್ನುವಾಗ ಎಂಜಿನ್ನಿನ ದನಿ ಒಮ್ಮೆ ಕುಗ್ಗಿ, ಮರುಕ್ಷಣವೇ ಹಿಂದಿನ ಚಕ್ರ ಬಿಗಿಯಿತು. ಕ್ಲಚ್ಚು ಹಿಡಿಯುವುದರೊಳಗೆ ಇಬ್ಬರೂ ರಸ್ತೆಯ ಪಕ್ಕದ ಗದ್ದೆಯಲ್ಲಿದ್ದೆವು. ಹೆಲ್ಮೆಟ್ಟುಗಳಿದ್ದುದರಿಂದ ತಲೆ ಉಳಿಯಿತು. ತಂಗಿಯ ಬಲ ಮಣಿಕಟ್ಟು ಮುರಿದು, ಆ ವರ್ಷದ ಪರೀಕ್ಷೆಯನ್ನು ಅವಳು ಬೇರೊಬ್ಬರ ಕೈಯಲ್ಲಿ ಬರೆಸಬೇಕಾಯಿತು.

ಅಜ್ಜ ನನ್ನನ್ನು ಬೈಯಲಿಲ್ಲ. ಸಿಲಿಂಡರು ಬಿಚ್ಚಿ, ಗೀರುಬಿದ್ದ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು, "ಗಾಡಿ ಏನು ಕೇಳ್ತಾ ಇತ್ತು ಅಂತ ನೀನು ಕಿವಿಗೊಡಲೇ ಇಲ್ಲವಲ್ಲೋ" ಎಂದರು. ಕಿಟ್ಟಿನಲ್ಲಿ ದೋಷವಿರಲಿಲ್ಲ. ದೋಷ ನನ್ನದು.

ಏಕೆ ಹೀಗಾಯಿತು? ಎರಡು ಹೊಡೆತದ ಎಂಜಿನ್ನಿಗೆ ಪೆಟ್ರೋಲೇ ಉರುವಲು, ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಜೀವಾಳ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಶಾಖವೂ ಏರುತ್ತದೆ, ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ನು ಹಿಗ್ಗಿ ಗೋಡೆಗೆ ಕಚ್ಚುತ್ತದೆ. ಇದರ ಮೇಲೆ ಇಂದಿನ ಪೆಟ್ರೋಲಿನ ಸಂಗತಿಯೊಂದಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲು ಬೆರೆಯತೊಡಗಿತು. ತೂಕದ ಲೆಕ್ಕದಲ್ಲಿ ಒಂದು ಭಾಗ ಶುದ್ಧ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ 9 ಸಾಕು. ಈ ಮಿಶ್ರಣಕ್ಕೆ ಸುಮಾರು 13.5. ಅಂದರೆ ಹಳೆಯ ಜೆಟ್ಟಿನಲ್ಲಿಯೇ ಓಡಿಸಿದರೆ ಮಿಶ್ರಣ ನೂರಕ್ಕೆ ಎಂಟರಷ್ಟು ಬಡವಾಗುತ್ತದೆ. ಜೆಟ್ಟಿನ ಮೇಲಿನ ಅಂಕಿ ಅದರ ರಂಧ್ರದ ಅಳತೆ. ನೂರೆಂದರೆ ಒಂದು ಮಿಲಿಮೀಟರು. ನೂರರ ಬದಲು ನೂರನಾಲ್ಕನ್ನು ಹಾಕಿದರೆ ರಂಧ್ರದ ವಿಸ್ತಾರ ಆ ಎಂಟರಷ್ಟೇ ಹೆಚ್ಚುತ್ತದೆ. ಇದು ಮೂಲ ಎಂಜಿನ್ನಿನ ಲೆಕ್ಕ. ಕಿಟ್ಟು ಹಾಕಿದವನು ಇನ್ನೂ ಮೇಲೇರಬೇಕು. ಹಳೆಯ ರಬ್ಬರಿನ ಪೈಪು, ಸೀಲುಗಳಿಗೂ ಎಥನಾಲು ಒಗ್ಗದು. ಸೀಲು ಸೋರಿದರೆ ಅಲ್ಲಿಂದಲೂ ಗಾಳಿ ಒಳನುಗ್ಗಿ ಇದೇ ಅನಾಹುತ.

"ಎರಡು ಆಳು ಕೂತು ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಹತ್ತಬೇಡವೇ?" ಎಂದು ಕೇಳುವ ಮಿತ್ರರಿದ್ದಾರೆ. ಅವರ ವಾದದಲ್ಲಿ ಹುರುಳಿದೆ. ಕಿಟ್ಟನ್ನು ನಾನು ಪೂರ್ತಿ ತಳ್ಳಿಹಾಕುವವನಲ್ಲ. ಆದರೆ ಘಾಟಿಗೆ ಬೇಕಾದದ್ದು ಮೊದಲ ಎರಡು ಗೇರುಗಳಲ್ಲಿ ಎಳೆಯುವ ಕಸುವು, ನಾಲ್ಕನೆಯ ಗೇರಿನಲ್ಲಿ ಕಿರುಚುವ ವೇಗವಲ್ಲ. ಆದುದರಿಂದ ಆರಿಸುವಾಗ ಬೀಡು ಕಬ್ಬಿಣದ, ಸೌಮ್ಯವಾದ ಕಿಟ್ಟನ್ನು ಆರಿಸಬೇಕು. ಅದು ಅಗ್ಗ, ಮತ್ತೆ ಬೋರು ಮಾಡಿಸಲೂ ಬರುತ್ತದೆ. ಅಲ್ಯೂಮಿನಿಯಮ್ಮಿನದು ಶಾಖವನ್ನು ಬೇಗ ಬಿಡುತ್ತದೆ ನಿಜ. ಅದರ ಒಳಲೇಪ ಕೆಟ್ಟರೆ ನಮ್ಮೂರಿನ ಬೋರಿಂಗ್ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ. ಪಿಸ್ಟನ್ನು ಮೇಲೆ ಬಂದಾಗ ಹೆಡ್ಡಿನ ಅಂಚಿಗೂ ಅದಕ್ಕೂ ನಡುವೆ ಒಂದರಿಂದ ಒಂದೂವರೆ ಮಿಲಿಮೀಟರು ತೆರಪಿರಬೇಕು. ಬೆಸುಗೆಯ ಮೆದುತಂತಿಯನ್ನು ಪ್ಲಗ್ಗಿನ ತೂತಿನಿಂದ ಇಳಿಬಿಟ್ಟು, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಜಜ್ಜಿದ ತುದಿಯನ್ನು ಅಳೆದರೆ ತಿಳಿಯುತ್ತದೆ. ಕಿಡಿಯ ಸಮಯವನ್ನು ಕೊಂಚ ತಡಮಾಡಬೇಕು. ಕ್ಲಚ್ಚಿನ ಸ್ಪ್ರಿಂಗು, ಬ್ರೇಕಿನ ಲೈನಿಂಗು ಹೊಸದಾಗಬೇಕು. ಮೊದಲ ಐನೂರು ಕಿಲೋಮೀಟರು ಗಾಡಿಯನ್ನು ಹಸುಗೂಸಿನಂತೆ ನೋಡಿಕೊಳ್ಳಬೇಕು. ಇಷ್ಟು ತಾಳ್ಮೆ ಇಲ್ಲದವನು ಕಿಟ್ಟಿನ ಹಂಬಲವನ್ನು ಬಿಡುವುದೇ ಲೇಸು.

ಕಾನೂನಿನ ಮಾತೂ ಇದೆ. ನೋಂದಣಿ ಪುಸ್ತಕದಲ್ಲಿ ಎಂಜಿನ್ನಿನ ಗಾತ್ರ ಬರೆದಿರುತ್ತದೆ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. 2019ರ ತಿದ್ದುಪಡಿಯಿಂದ ಇಂಥ ಒಂದೊಂದು ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. 2021ರ ನಿಯಮಗಳ ಪ್ರಕಾರ ಐವತ್ತು ವರ್ಷ ಮೀರಿದ ವಾಹನ 'ವಿಂಟೇಜ್' ಎಂಬ ಗೌರವಕ್ಕೆ ಅರ್ಹವಾಗುವುದು ಅದು ಮೂಲರೂಪದಲ್ಲಿದ್ದರೆ ಮಾತ್ರ. ಆದ್ದರಿಂದ ಕಿಟ್ಟು ಹಾಕಬಯಸುವವನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಹಳೆಯ ಸಿಲಿಂಡರನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಜೋಪಾನವಾಗಿಡಬೇಕು.

ಅಜ್ಜನ ಗಾಡಿಯನ್ನು ಮತ್ತೆ ಎಬ್ಬಿಸಿದ ಬಗೆಯನ್ನು ಹೇಳಿ ಮುಗಿಸುತ್ತೇನೆ. ಹಳೆಯ ಸಿಲಿಂಡರನ್ನು ಭದ್ರಾವತಿಯ ಒಬ್ಬ ಹಿರಿಯ ಲೇತ್ ಕೆಲಸಗಾರರ ಬಳಿಗೆ ಒಯ್ದೆವು. 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ನೆಲೆಯಾದ ಆ ಊರಿನಲ್ಲಿ ಲೋಹವನ್ನು ಬಲ್ಲ ಕೈಗಳಿಗೆ ಇನ್ನೂ ಕೊರತೆಯಿಲ್ಲ. ಅವರು ಒಂದೇ ಅಳತೆ ಹೆಚ್ಚಿನ ಪಿಸ್ಟನ್ನಿಗೆ ಬೋರು ಮಾಡಿಕೊಟ್ಟರು. ಎರಡು ಕಡೆಯ ಆಯಿಲ್ ಸೀಲುಗಳನ್ನು ಬದಲಾಯಿಸಿದೆವು. ಸೈಲೆನ್ಸರಿನಲ್ಲಿ ವರ್ಷಗಳಿಂದ ಕಟ್ಟಿದ ಮಸಿಯನ್ನು ತೆಗೆದೆವು. ಸಿಲಿಂಡರಿನ ರೆಕ್ಕೆಗಳ ನಡುವೆ ಗಟ್ಟಿಯಾಗಿದ್ದ ಗದ್ದೆಯ ಕೆಸರನ್ನು ಕೆರೆದೆವು. ಜೆಟ್ಟನ್ನು ಒಂದೊಂದೇ ಅಂಕಿ ಏರಿಸಿ, ಪ್ರತಿಸಲವೂ ಪೂರ್ಣ ವೇಗದಲ್ಲಿ ಓಡಿಸಿ, ಕ್ಲಚ್ಚು ಹಿಡಿದು ಎಂಜಿನ್ನನ್ನು ಆರಿಸಿ ಪ್ಲಗ್ಗನ್ನು ಬಿಚ್ಚಿ ನೋಡಿದೆವು. ಬಿಳುಪೆಂದರೆ ಅಪಾಯ, ಕಪ್ಪೆಂದರೆ ಪೋಲು. ಬಿಸ್ಕತ್ತಿನ ಬಣ್ಣ ಬಂದ ದಿನ ಅಜ್ಜ ನಕ್ಕರು. ಕಿಟ್ಟಿಗೆ ತೆತ್ತ ಹಣದ ಕಾಲುಭಾಗವೂ ಇದಕ್ಕೆ ತಗಲಲಿಲ್ಲ. ಗಾಡಿ ಇಬ್ಬರನ್ನು ಹೊತ್ತು ಘಾಟಿ ಹತ್ತಿತು, ಅವಸರದಿಂದಲ್ಲ, ಆಯಾಸವಿಲ್ಲದೆ.

ತಂಗಿ ಈಗ ಅದೇ ಸ್ಕೂಟರಿನ ಹಿಂದೆ ಕೂರುತ್ತಾಳೆ. ಕೂರುವ ಮುನ್ನ ಮಾತ್ರ, "ಜೆಟ್ ನೋಡಿದೆಯಾ ಅಣ್ಣ?" ಎಂದು ಕೇಳುವುದನ್ನು ಮರೆಯುವುದಿಲ್ಲ. ಹಳೆಯ ಸ್ಕೂಟರು ಕೈಗೆ ಬಂದ ನನ್ನ ಸಹಪಾಠಿಗಳೆಲ್ಲರೂ ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಲಿ, ಕಿಟ್ಟಿನ ಮಾತು ಆಮೇಲೆ ಬರಲಿ ಎಂಬುದಷ್ಟೇ ನನ್ನ ಬಿನ್ನಹ.