ಬಿಸಿಲಿನ ಕಾರಿಗೆ ಬಟ್ಟೆಯ ಮೈ

ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಒಮ್ಮೆ ಓದಿ ನೋಡಿ. ಸಾಮಾನ್ಯವಾಗಿ 1000 ವ್ಯಾಟ್ ಎಂದಿರುತ್ತದೆ. ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಸುಮಾರು 3000 ಕಿ.ಮೀ. ದೂರ ಸೌರ ಕಾರುಗಳ ಪಂದ್ಯ ನಡೆಯುತ್ತದೆ. 2023ರಲ್ಲಿ ಅದನ್ನು ಗೆದ್ದವರು ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ನಡುಹಗಲಿನಲ್ಲೂ ಅವರ ಕಾರಿನ ಫಲಕಗಳಿಂದ ಸಿಗುತ್ತಿದ್ದುದು ಹೆಚ್ಚು ಕಡಿಮೆ ಒಂದು ಇಸ್ತ್ರಿ ಪೆಟ್ಟಿಗೆಗೆ ಬೇಕಾಗುವಷ್ಟು ವಿದ್ಯುತ್ತು. ಸರಾಸರಿ ವೇಗವೋ, ಗಂಟೆಗೆ 88 ಕಿ.ಮೀ.!

ಇದು ಹೇಗೆ ಸಾಧ್ಯ? ಸೌರಕೋಶದ ಮಾತನ್ನು ಎಲ್ಲರೂ ಆಡುತ್ತಾರೆ. ನಾವು ಈ ಸಲ ಕಾರಿನ ಮೈಯನ್ನು ನೋಡೋಣ.

ಹಾನ್ಸ್ ಥೋಲ್‌ಸ್ಟ್ರಪ್ ಮತ್ತು ಲ್ಯಾರಿ ಪರ್ಕಿನ್ಸ್ 1982-83ರಲ್ಲಿ ಪರ್ತ್‌ನಿಂದ ಸಿಡ್ನಿಗೆ ಸೌರ ಕಾರಿನಲ್ಲಿ ಹೋದಾಗ 20 ದಿನ ಹಿಡಿಯಿತು. ಗಂಟೆಗೆ 23 ಕಿ.ಮೀ. ವೇಗ, ಸೈಕಲ್ಲಿನವನೂ ಜೊತೆಗೆ ಹೋಗಬಹುದಿತ್ತು. 1987ರಲ್ಲಿ ಮೊದಲ ಪಂದ್ಯ ನಡೆದಾಗ ಜನರಲ್ ಮೋಟಾರ್ಸ್‌ನ ಸನ್‌ರೇಸರ್ ಗಂಟೆಗೆ 67 ಕಿ.ಮೀ. ಸರಾಸರಿಯಲ್ಲಿ ಓಡಿ, ಎರಡನೆಯವರಿಗಿಂತ ಎರಡು ದಿನ ಮೊದಲೇ ಗುರಿ ಮುಟ್ಟಿತು. ಅದರ ಅಲ್ಯೂಮಿನಿಯಮ್ ಚೌಕಟ್ಟಿನ ತೂಕ ಏಳು ಕೆ.ಜಿ.ಗೂ ಕಡಿಮೆ. ಮೇಲಿನ ಕವಚ ಕೆವ್ಲಾರ್ ಬಟ್ಟೆಯ ಎರಡು ಪದರ, ನಡುವೆ ಜೇನುಗೂಡಿನಂಥ ಕಾಗದ. ರಟ್ಟಿನ ಪೆಟ್ಟಿಗೆಯ ಅಂಚನ್ನು ಹರಿದು ನೋಡಿದರೆ ಉಪಾಯ ನಿಮಗೆ ಹೊಳೆಯುತ್ತದೆ.

ಇಂಥ ವಸ್ತುವಿಗೆ ಕಾಂಪೊಸಿಟ್ ಎಂದು ಹೆಸರು. ಸಂಯುಕ್ತ ಎಂದರೆ ರಸಾಯನಶಾಸ್ತ್ರದವರು ಜಗಳಕ್ಕೆ ಬಂದಾರು. ಕಾಂಪೊಸಿಟ್ ಎಂದೇ ಇರಲಿ. ತತ್ತ್ವ ಹಳೆಯದು. ನಮ್ಮ ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದರಲ್ಲ, ಅದೇ. ಹುಲ್ಲಿನ ಜಾಗದಲ್ಲಿ ಇಂಗಾಲದ ಎಳೆ, ಮಣ್ಣಿನ ಜಾಗದಲ್ಲಿ ಎಪಾಕ್ಸಿ ಅಂಟು. ಈ ಎಳೆ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು ಸಣ್ಣದು. ಅಕ್ರಿಲಿಕ್ ಸ್ವೆಟರಿನ ನೂಲಿಗೆ ಹತ್ತಿರದ ನೂಲನ್ನೇ ಗಾಳಿ ಸೋಕದಂತೆ ಸಾವಿರ ಡಿಗ್ರಿಗೂ ಮೀರಿ ಕಾಯಿಸಿ ಇದನ್ನು ಪಡೆಯುತ್ತಾರೆ. ಅಂಟು ಸೇರಿದ ಮೇಲೂ ಇದರ ತೂಕ, ಅಷ್ಟೇ ಗಾತ್ರದ ಉಕ್ಕಿನ ಐದನೇ ಒಂದು ಭಾಗ ಮಾತ್ರ.

ಆದರೆ ಎಳೆಗೆ ಬಲವಿರುವುದು ಅದರ ಉದ್ದಕ್ಕೆ. ಆದ್ದರಿಂದ ಬಟ್ಟೆಯನ್ನು ಕತ್ತರಿಸಿ ಅಚ್ಚಿನೊಳಗೆ ಒಂದು ಪದರ ನೇರ, ಒಂದು ಅಡ್ಡ, ಒಂದು ಓರೆಯಾಗಿ ಕೈಯಿಂದಲೇ ಹಾಸುತ್ತಾರೆ. ಆಮೇಲೆ ಚೀಲ ಹೊದಿಸಿ ಗಾಳಿ ಎಳೆದು ಬೇಯಿಸುತ್ತಾರೆ. ಮೊದಲೇ ಅಂಟು ಹಚ್ಚಿದ ಬಟ್ಟೆಯನ್ನು ದೋಸೆ ಹಿಟ್ಟಿನ ಹಾಗೆ ತಣ್ಣಗಿಟ್ಟಿರಬೇಕು, ಇಲ್ಲವಾದರೆ ಕೆಡುತ್ತದೆ! ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಮೈಯೂ ಇದೇ ಜಾತಿಯ ಕೈಕೆಲಸ. ಅಲ್ಲಿ ಗಾಜಿನ ಎಳೆಯ ಬಳಕೆ ಹೆಚ್ಚು.

ಹಗುರವಾದಷ್ಟೂ ಗೆಲುವು ಎಂದು ಹಲವರು ತಿಳಿದಿದ್ದಾರೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ 80 ಕಿ.ಮೀ. ವೇಗದಲ್ಲಿ ಓಡುವಾಗ ಹತ್ತು ಕೆ.ಜಿ. ಇಳಿಸಿದರೆ ಟೈರಿನ ಲೆಕ್ಕದಲ್ಲಿ ಉಳಿಯುವುದು ಐದಾರು ವ್ಯಾಟ್. ಗಾಳಿಯ ತಡೆ ಅದಕ್ಕಿಂತ ದೊಡ್ಡ ಶತ್ರು. ಕಾಂಪೊಸಿಟ್‌ನ ನಿಜವಾದ ಉಪಕಾರವೆಂದರೆ, ಅಚ್ಚು ಹೇಗಿದೆಯೋ ಹಾಗೆ ಮೀನಿನಂಥ ನುಣುಪು ಮೈ ಕೊಡುವುದು. ತಗಡನ್ನು ಬಡಿದು ಅಂಥ ಮೈ ತರಿಸುವುದು ಬಲು ಕಷ್ಟ.

ದೋಷವಿಲ್ಲವೆಂದಲ್ಲ. 2019ರಲ್ಲಿ ಮುಂದಿದ್ದ ಡೆಲ್ಫ್ಟ್ ವಿದ್ಯಾರ್ಥಿಗಳ ಕಾರು, ಗುರಿ 300 ಕಿ.ಮೀ.ಗೂ ಕಡಿಮೆ ಇರುವಾಗ ಬ್ಯಾಟರಿಗೆ ಬೆಂಕಿ ಹತ್ತಿ ಸುಟ್ಟುಹೋಯಿತು. ಚಾಲಕನಿಗೆ ಅಪಾಯವಾಗಲಿಲ್ಲ. ಆದರೆ ಅಂಟು ಉರಿಯುವ ವಸ್ತು, ತಗಡಿನಂತಲ್ಲ. ತಗಡಿಗೆ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಇಲ್ಲಿ ಹೊರಗೆ ಹೊಳಪು ಹಾಗೇ ಇದ್ದು, ಒಳಗೆ ಪದರಗಳು ಬಿಟ್ಟಿರಬಹುದು. ಒಳಗೆ ಕುಳಿತವರ ಜೀವದ ಪ್ರಶ್ನೆ ಇದು.

ಅದನ್ನು ಪತ್ತೆ ಮಾಡಲು ದುಬಾರಿ ಯಂತ್ರಗಳಿವೆ. ಯಂತ್ರವಿಲ್ಲದವರು ನಾಣ್ಯ ಹಿಡಿದು ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗುತ್ತಾರೆ. ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಬೊದ್ದು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಿಮ್ಮ ಅಜ್ಜಿಯೂ ಹೀಗೆಯೇ ತಟ್ಟಿ ನೋಡುತ್ತಿದ್ದರು. ಊರಿಗೆ ಹೋದಾಗ ಕೇಳಿ.