ಪರದೆ ಯಾರಿಗಾಗಿ?

ನಮ್ಮ ಕಾಲೇಜುಗಳಲ್ಲಿ ಸೆಮಿನಾರ್ ಎಂದರೆ ಈಗ ಪವರ್‌ಪಾಯಿಂಟ್ ಎಂದೇ ಅರ್ಥವಾಗಿಬಿಟ್ಟಿದೆ. ದೀಪ ಆರುತ್ತದೆ, ಗೋಡೆಯ ಮೇಲೆ ಬೆಳಕು ಬೀಳುತ್ತದೆ, ಭಾಷಣಕಾರರು ಸಭೆಗೆ ಬೆನ್ನು ತಿರುಗಿಸಿ ಗೋಡೆಯನ್ನು ಓದಲಾರಂಭಿಸುತ್ತಾರೆ. ಕೇಳುವವರು ಅವರಿಗಿಂತ ಮೊದಲೇ ಅದನ್ನು ಓದಿ ಮುಗಿಸಿ ಮುಂದಿನ ಸ್ಲೈಡಿಗಾಗಿ ಕಾದಿರುತ್ತಾರೆ. ಇಷ್ಟೊಂದು ಜನ ಅಕ್ಷರಸ್ಥರಿಗೆ ಒಬ್ಬರು ಓದಿ ಹೇಳುವ ಅಗತ್ಯವೇನೋ ನಾನರಿಯೆ.

ಇದಕ್ಕೆಲ್ಲ ವಿದ್ಯಾರ್ಥಿಗಳ ಸೋಮಾರಿತನ ಕಾರಣವೆಂದು ಹಿರಿಯರು ಹೇಳುವುದುಂಟು. ನಾನು ಒಪ್ಪಲಾರೆ. ಕಾರಣ ಭಯ. ಮಾತು ಮರೆತೀತೆಂಬ ಭಯದಿಂದ ಇಡೀ ಭಾಷಣವನ್ನೇ ಪರದೆಗೆ ಏರಿಸುತ್ತೇವೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮಲ್ಲನೇಕರು ಅಂತರ್ಜಾಲದ ಇಂಗ್ಲಿಷ್ ವಾಕ್ಯಗಳನ್ನು ಹಾಗೆಯೇ ತಂದು ಅಂಟಿಸುವುದೂ ಅದೇ ಭಯದಿಂದ. ಆಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ಗೋಡೆಯ ಕಡೆಗೇ ನೋಡಬೇಕು. ಗೋಡೆಗೆ ಉತ್ತರ ಗೊತ್ತಿರುವುದಿಲ್ಲ.

ಪರದೆಯಿರುವುದು ಕೇಳುವವರ ಕಣ್ಣಿಗಾಗಿ, ಹೇಳುವವರ ನೆನಪಿಗಾಗಿ ಅಲ್ಲ. ನೆನಪಿಗೆ ಬೇಕಾದುದನ್ನು ಒಂದು ಕಾಗದದಲ್ಲಿ ಬರೆದು ಕೈಯಲ್ಲಿ ಹಿಡಿದರಾಯಿತು, ಅದರಲ್ಲಿ ನಾಚಿಕೆಯೇನಿದೆ? ಬಾಯಿಮಾತಿನಲ್ಲಿ ತೋರಿಸಲಾಗದ್ದು ಮಾತ್ರ ಪರದೆಗೆ ಬರಲಿ. ಹಲ್ಮಿಡಿ ಶಾಸನವನ್ನು ಕುರಿತು ಮಾತನಾಡುವವರು ಅದರ ಮಹತ್ತ್ವವನ್ನು ಎಂಟು ಅಂಶಗಳಲ್ಲಿ ಪಟ್ಟಿಮಾಡುವ ಬದಲು, ಆ ಕಲ್ಲಿನ ಚಿತ್ರವನ್ನೇ ಪರದೆಯ ತುಂಬ ನಿಲ್ಲಿಸಿ, ಒಂದೆರಡು ಸಾಲುಗಳನ್ನಾದರೂ ಅಕ್ಷರ ತೋರಿಸುತ್ತ ಓದಿದರೆ, ನಿದ್ರಿಸುವವರೂ ಎದ್ದು ಕುಳಿತಾರು.

ಬರೆಯಲೇಬೇಕಾದ ಮುಖ್ಯ ಮಾತಿದ್ದರೆ ಅದು ಶಿರೋನಾಮೆಯಲ್ಲಿಯೇ ಇರಬೇಕು. ‘ಪೀಠಿಕೆ’, ‘ಕಾರಣಗಳು’ ಎಂಬ ಶಿರೋನಾಮೆಗಳು ಏನನ್ನೂ ತಿಳಿಸುವುದಿಲ್ಲ. ಕೆಲವೊಮ್ಮೆ ಶಿರೋನಾಮೆ ದಾರಿ ತಪ್ಪಿಸುವುದೂ ಉಂಟು. 2003ರ ಜನವರಿ 16ರಂದು ಕೊಲಂಬಿಯಾ ಗಗನನೌಕೆ ಮೇಲೇರುವಾಗ, ಇಂಧನ ತೊಟ್ಟಿಯಿಂದ ಕಳಚಿದ ಗಟ್ಟಿನೊರೆಯ ತುಂಡೊಂದು ಅದರ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರುಗಳು ನಾಸಾ ಅಧಿಕಾರಿಗಳಿಗೆ ಸ್ಲೈಡುಗಳ ಮೂಲಕ ವಿಷಯ ಒಪ್ಪಿಸಿದರು. ಅವುಗಳಲ್ಲೊಂದರ ಶಿರೋನಾಮೆ ಧೈರ್ಯ ಹೇಳುವಂತಿತ್ತು. ಹಿಂದಿನ ಪರೀಕ್ಷೆಯ ತುಂಡು 3 ಘನ ಅಂಗುಲದ್ದು, ಈಗ ಲೆಕ್ಕಕ್ಕೆ ಹಿಡಿದದ್ದು 1920 ಘನ ಅಂಗುಲದ್ದು ಎಂಬ ಸಂಗತಿ ಅದೇ ಸ್ಲೈಡಿನ ತೀರ ತಳದಲ್ಲಿ, ಸಣ್ಣಕ್ಷರದಲ್ಲಿತ್ತು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯೂ ಮಡಿದರು. ದುರಂತಕ್ಕೆ ಸ್ಲೈಡೇ ಕಾರಣವೆನ್ನುವುದು ಅತಿಯಾದೀತು. ಆದರೆ ವಿವರವಾದ ವರದಿಯ ಸ್ಥಾನದಲ್ಲಿ ಸ್ಲೈಡುಗಳನ್ನಿಡುವ ರೂಢಿಯನ್ನು ತನಿಖಾ ಮಂಡಳಿ ಅದೇ ವರ್ಷ ಆಕ್ಷೇಪಿಸಿತು.

ಕನ್ನಡದಲ್ಲಿ ಸ್ಲೈಡು ಮಾಡುವವರಿಗೆ ಇಂಗ್ಲಿಷ್ ಪುಸ್ತಕಗಳು ಹೇಳದ ತೊಡಕುಗಳುಂಟು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಸಾಲುಗಳ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಅಕ್ಷರ ಚಿಕ್ಕದಾದರೆ ಹಿಂದಿನ ಬೆಂಚಿನವರಿಗೆ ‘ಪ’ ಯಾವುದು, ‘ಷ’ ಯಾವುದು ತಿಳಿಯದು. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿ ತಂದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಲಿಪಿಯಾಗಿ ತೆರೆದುಕೊಳ್ಳುತ್ತದೆ. ಆದುದರಿಂದ ಯೂನಿಕೋಡಿನಲ್ಲಿ ಬರೆದು, ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗೆ ತರುವುದು ಲೇಸು. ಅಕ್ಷರಗಳು ಹಾರಿ ಬರುವ, ಉರುಳಿ ಬರುವ ಸರ್ಕಸ್ಸಿನ ವಿಷಯ ನಾನು ಹೇಳಬೇಕಾಗಿಲ್ಲ.

ಪ್ರದರ್ಶನ ನಡೆಯುತ್ತಿರುವಾಗ ಕೀಲಿಮಣೆಯ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೊಮ್ಮೆ ಒತ್ತಿದರೆ ಮರಳುತ್ತದೆ. ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವಿದೆ. ಸ್ಲೈಡುಗಳ ಸಂಖ್ಯೆಗೂ ಬಣ್ಣಕ್ಕೂ ಅಂಕ ಕೊಡುವುದನ್ನು ಬಿಟ್ಟು, ಪ್ರತಿ ಸೆಮಿನಾರಿನ ಕೊನೆಯ ಐದು ನಿಮಿಷ ಆ ಕೀಲಿಯನ್ನು ಒತ್ತಿಸಿ, ನಮ್ಮನ್ನು ಕನ್ನಡದಲ್ಲಿಯೇ ಪ್ರಶ್ನಿಸಲಿ. ಮೊದಲು ನಿಲ್ಲಲು ಯಾರೂ ಮುಂದಾಗದಿದ್ದರೆ ನಾನು ಸಿದ್ಧನಿದ್ದೇನೆ.